ಮಂಡಿಯೊಳಗಿನ ಚಳಿ

ಯಂತ್ರ ಗುರ್ ಎಂದಿತು, ಒಂದು ಕ್ಷಣ ಸುಮ್ಮನಾಯಿತು, ಮತ್ತೆ ಮಂಡಿಯನ್ನು ಅದುಮಿತು. ಒಬ್ರಾದ್ ಕಣ್ಣು ಮುಚ್ಚಿಕೊಂಡು ಅದನ್ನೇ ಕೇಳುತ್ತ ಮಲಗಿದ್ದ. ಸದ್ದಿಗಿಂತ ನಡುವಿನ ಆ ಮೌನವೇ ಅವನಿಗೆ ಸರಿಬರುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಮಾತು ನಿಲ್ಲಿಸಿ ಇತ್ತ ಕಿವಿಗೊಟ್ಟ ಹಾಗಿತ್ತು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ನೀಲಿ ಡಬ್ಬಿ, ಅದರ ತುಂಬ ನೀರು, ನೀರಿನಲ್ಲಿ ಮಂಜುಗಡ್ಡೆಯ ಬಾಟಲಿಗಳು. ಡಬ್ಬಿಯಿಂದ ಹೊರಟ ಕೊಳವೆ ಹೊದಿಕೆಯೊಳಗೆ ನುಗ್ಗಿ, ಹೊಸ ಕೀಲು ಕೂಡಿಸಿದ ಅವನ ಬಲಮಂಡಿಗೆ ಸುತ್ತಿದ್ದ ಪಟ್ಟಿಯನ್ನು ಸೇರಿತ್ತು. ತಣ್ಣೀರು ಹರಿದಾಗ ಪಟ್ಟಿ ಉಬ್ಬಿ ಮಂಡಿಯನ್ನು ಹಿಂಡುತ್ತಿತ್ತು, ಆಮೇಲೆ ಸಡಿಲ ಬಿಡುತ್ತಿತ್ತು. ಕೆಲವರು ಕೈ ಕುಲುಕಿ, ಬಿಡದೆ, ಹಿಡಿದುಕೊಂಡೇ ಮುಖ ನೋಡುತ್ತಾರಲ್ಲ, ಹಾಗೆ. ಬಾವು ಇಳಿಯುತ್ತದೆ, ಮಂಡಿ ಬೇಗ ಮಡಚುತ್ತದೆ ಎಂದು ಡಾಕ್ಟರು ಹೇಳಿದ್ದರು. ಡಾಕ್ಟರು ಹೇಳಿದ್ದಾಯಿತು, ಸರಿ. ಆದರೆ ಬಾಡಿಗೆಗೆ ಹಿಡಿದು ಹೊತ್ತು ತಂದವನು ತಮ್ಮ ರಾದೋಶ್. ಕೇಳದೆ ತಂದವನು. ಕೇಳದೆ ಕೊಡುವವನ ಮನಸ್ಸಿನಲ್ಲಿ ಏನಿದೆ ಅಂತ ಯಾರಿಗೆ ಗೊತ್ತು?

"ಹಬ್ಬದ ಮೀನಿಗೆ ಹೇಳಿ ಬರ್ತೀನಿ," ಎಂದಳು ಹೆಂಡತಿ ಸ್ತಮೇನಾ ಬಾಗಿಲಲ್ಲಿ ನಿಂತು, ತಲೆಗೆ ಶಾಲು ಬಿಗಿಯುತ್ತ. "ಈಗ್ಲೇ ಹೇಳ್ದಿದ್ರೆ ದೊಡ್ಡ ಮೀನೆಲ್ಲ ಬೇರೆಯವರ ಪಾಲು. ಹೊಸ ಐಸ್ ತುಂಬಿದೀನಿ. ಮುಟ್ಬೇಡ, ಅಲ್ಲಾಡ್ಬೇಡ. ವ್ಯಾಯಾಮ ಮಾಡ್ಸೋಕೆ ಜಾಸ್ನಾ ಬರೋಷ್ಟರಲ್ಲಿ ಬಂದ್ಬಿಡ್ತೀನಿ."

"ನಾನೆಲ್ಲಿ ಅಲ್ಲಾಡ್ಲಿ? ಕಟ್ಟಿಹಾಕಿದ್ದೀರಲ್ಲ."

"ಅಯ್ಯೋ ಮಹಾರಾಯ, ಕಟ್ಟಿಹಾಕಿದ್ರೂ ನಾಲಿಗೆ ಒಂದು ಓಡಾಡ್ತಾನೇ ಇರುತ್ತೆ ನಿಂದು," ಎಂದು ನಗುತ್ತ ಹೊರಟಳು.

ಕಟ್ಟಿಹಾಕಿದ್ದೀರಲ್ಲ ಎಂದು ಬಹುವಚನದಲ್ಲಿ ಅಂದದ್ದು ಅವಳಿಗೆ ತಟ್ಟಿತೋ ಇಲ್ಲವೋ. ನಕ್ಕದ್ದು ಸ್ವಲ್ಪ ಹೆಚ್ಚಾಯಿತು ಅನಿಸಿತು ಅವನಿಗೆ. ಗೇಟು ಹಾಕಿಕೊಂಡ ಸದ್ದು ಕೇಳುವವರೆಗೆ ಕಾದ. ಅವಳು ಅತ್ತ ಬಸ್ ಸ್ಟಾಪಿನಲ್ಲಿ ನಿಂತು ರಾದೋಶನಿಗೆ ಫೋನು ಮಾಡುತ್ತಾಳೆಯೇ? ಆಸ್ಪತ್ರೆಯಲ್ಲಿ ಇಬ್ಬರೂ ಕಾರಿಡಾರಿನಲ್ಲಿ ತಲೆಗೆ ತಲೆ ತಾಗಿಸಿಕೊಂಡು ಮಾತಾಡುತ್ತಿದ್ದುದನ್ನು ಅವನು ಕಂಡಿದ್ದಾನೆ. ಅವತ್ತೇ ಅಲ್ಲವೇ ರಾದೋಶ್ ಹಾಸಿಗೆಯ ಬಳಿ ಬಂದು, ಕೈಯಲ್ಲಿ ಟೋಪಿ ತಿರುಗಿಸುತ್ತ, ಆ ಮಾತು ಆಡಿದ್ದು: "ಈ ಸಲ ನಿಂಗೆ ಆಗ್ದಿದ್ರೆ ನಿಕೋಲನ್ನ ನಮ್ಮನೇಲೇ ಮಾಡಿದ್ರಾಯ್ತು ಬಿಡಣ್ಣ." ಎಷ್ಟು ಹಗುರಾಗಿ ಅಂದ! ಯಾರದೋ ಮದುವೆಗೆ ಕುರ್ಚಿ ಕಡಿಮೆಬಿದ್ದರೆ ನಮ್ಮಲ್ಲಿವೆ ಬಿಡಿ ಅನ್ನುವ ಹಾಗೆ. ಅರಿವಳಿಕೆಯ ಮಬ್ಬು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೂ ಆ ಮಾತು ಮಾತ್ರ ಚರ್ಮದೊಳಗಿನ ಚೂರಿನಂತೆ ಉಳಿದುಕೊಂಡಿತು.

ಸಂತ ನಿಕೋಲನ ದಿನ ಮನೆಯ ಯಜಮಾನ ಕೂರುವಂತಿಲ್ಲ. ಅದು ಅವರ ಮನೆತನದ ಸಂತನ ಹಬ್ಬ, ಸ್ಲಾವ. ಬೆಳಿಗ್ಗೆ ಪಾದ್ರಿ ಬಂದು ರೊಟ್ಟಿಗೆ ವೈನ್ ಸುರಿದು ಹರಸಿದ ಗಳಿಗೆಯಿಂದ ಕೊನೆಯ ಅತಿಥಿ ಎದ್ದು ಹೋಗುವ ತನಕ ಯಜಮಾನ ನಿಂತೇ ಬಡಿಸಬೇಕು, ನಿಂತೇ ಲೋಟ ತುಂಬಬೇಕು, ಬಂದವರನ್ನು ಬಾಗಿಲಲ್ಲಿ ಎದುರುಗೊಳ್ಳಬೇಕು. ಎಲ್ಲರೂ ಕೂತಿರುವಾಗ ಒಬ್ಬನೇ ನಿಂತಿರುವವನು ಯಾರೋ, ಆ ಮನೆಯ ದೀಪ ಅವನದು. ಅಪ್ಪ ಹಾಗೆ ನಿಂತಿದ್ದ. ಅಪ್ಪನ ಕೊನೆಗಾಲದಲ್ಲಿ ರಾದೋಶ್ ಸೈನ್ಯದಲ್ಲಿದ್ದ. ಸ್ಲಾವದ ಮೇಣದ ಬತ್ತಿಯನ್ನು, ಅಂದರೆ ಹಬ್ಬದ ಯಜಮಾನಿಕೆಯನ್ನು, ಅಪ್ಪ ಒಬ್ರಾದನ ಕೈಗೆ ಕೊಟ್ಟ. ರಾದೋಶ್ ವಾಪಸು ಬಂದು ಏನೂ ಅನ್ನಲಿಲ್ಲ. ಬೇಸರವಿಲ್ಲ ಅಂತಲೂ ಅನ್ನಲಿಲ್ಲ. ಇಷ್ಟು ವರ್ಷ ಏನೂ ಅನ್ನದೆ ಇರುವವನನ್ನು ನಂಬುವುದು ಹೇಗೆ? ಬೈದವನನ್ನಾದರೂ ನಂಬಬಹುದು. ಒಬ್ರಾದನಿಗಿರುವುದು ಇಬ್ಬರು ಹೆಣ್ಣುಮಕ್ಕಳು. ಅವರೀಗ ಗಂಡಂದಿರ ಮನೆಯ ಸಂತರಿಗೆ ಬತ್ತಿ ಹಚ್ಚುತ್ತಾರೆ. ರಾದೋಶನಿಗೆ ಗಂಡುಮಗನಿದ್ದಾನೆ. ತಾನು ಕಣ್ಣು ಮುಚ್ಚಿದ ಮೇಲೆ ಹೇಗೂ ಬತ್ತಿ ಆ ಮನೆಗೇ ಹೋಗುತ್ತದೆ. ಅಲ್ಲಿಯವರೆಗೆ ತಡೆಯಲಾರನೇ ಇವನು? ಮೊದಲು ಮಂಡಿ ಹೋಗಲಿ, ಆಮೇಲೆ ಬತ್ತಿ ತಾನಾಗಿ ಬರುತ್ತದೆ ಅಂತ ಲೆಕ್ಕವೇ?

ಪಟ್ಟಿ ಬಿಚ್ಚಿದ. ಹಾಸಿಗೆಯ ಪಕ್ಕದಲ್ಲಿ ಹಿರಿಮಗಳು ಓದುತ್ತಿದ್ದ ಕಾಲದ, ಕೆಳಗೆ ಚಕ್ರಗಳಿರುವ ಮೇಜಿನ ಕುರ್ಚಿಯಿತ್ತು. ಅದರ ಮೇಲೆ ಮೆಲ್ಲಗೆ ಜಾರಿ, ಬಲಗಾಲನ್ನು ಕೋಲಿನಂತೆ ಮುಂದೆ ಚಾಚಿ, ಎಡಗಾಲಿನಿಂದ ನೆಲ ನೂಕುತ್ತ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಡುಗೆಮನೆಗೆ ಹೊರಟ. ತಾನೇ ಹಾಕಿದ ಟೈಲುಗಳು. ಒಂದು ಸಂದಿನಲ್ಲೂ ಚಕ್ರ ತಡೆಯಲಿಲ್ಲ. ಈ ಚಾಚಕ್ ಊರಿನಲ್ಲಿ ಅವನು ಮೊಣಕಾಲೂರಿ ನೆಲ ಹಾಸದ ಬೀದಿಯಿಲ್ಲ. ಡಿಸೆಂಬರಿನಲ್ಲಿ, ಕಿಟಕಿಗೆ ಗಾಜು ಕೂಡಿಸಿರದ ಹೊಸ ಮನೆಗಳಲ್ಲಿ, ಹಸಿ ಸಿಮೆಂಟಿನ ಮೇಲೆ ಇಡೀ ದಿನ ಮಂಡಿಯೂರಿದವನು. ಚಿಕ್ಕಂದಿನಲ್ಲಿ ಮೆಟ್ಟಿಲ ಕಲ್ಲಿನ ಮೇಲೆ ಕೂತರೆ ಸಾಕು, ಅಮ್ಮ ಒಳಗಿನಿಂದಲೇ ಕೂಗುತ್ತಿದ್ದಳು: ಏಳೋ, ಶೀತ ಮೂಳೆಗೆ ಹೋಗತ್ತೆ! ಒದ್ದೆ ತಲೆಯಲ್ಲಿ ಹೊರಗೆ ಹೋದವರು, ಎರಡು ಕಿಟಕಿ ಒಟ್ಟಿಗೆ ತೆರೆದಿಟ್ಟವರು, ಬರಿಗಾಲಲ್ಲಿ ನಡೆದವರು ಏನಾದರೆಂದು ಇಲ್ಲಿ ಎಲ್ಲರಿಗೂ ಗೊತ್ತು. ಅವನ ಮಂಡಿಯನ್ನು ತಿಂದದ್ದೇ ಆ ಚಳಿ. ತಿಂದ ಕಳ್ಳನನ್ನೇ ಕರೆದು ತಂದು ಗಾಯದೊಳಗೆ ಕೂರಿಸು ಅಂತ ಹೇಳುವವನು ಡಾಕ್ಟರಾದರೇನು, ದೇವರಾದರೇನು? ಅದರಲ್ಲೂ ರಾದೋಶನ ಕೈಯಿಂದ ಬರುವ ಚಳಿ! ಅವನು ದುಡಿಯುವುದು ಡೇರಿಯ ಶೈತ್ಯಾಗಾರದಲ್ಲಿ. ಬೆಣ್ಣೆ, ಐಸ್‌ಕ್ರೀಮುಗಳ ನಡುವೆ ಜೀವ ಸವೆಸಿಯೂ ಒಂದು ಸೀನು ಸೀನದವನು. ಚಳಿ ಅವನ ಕಡೆಯ ಮನುಷ್ಯ.

ಡಬ್ಬಿಯಲ್ಲಿ ತೇಲುತ್ತಿದ್ದ ಬಾಟಲಿಗಳನ್ನು ತೆಗೆದ. ರಾದೋಶ್ ಡೇರಿಯಲ್ಲಿ ನೀರು ತುಂಬಿ ಹೆಪ್ಪುಗಟ್ಟಿಸಿ ತರುತ್ತಿದ್ದ ಪ್ಲಾಸ್ಟಿಕ್ ಬಾಟಲಿಗಳು. ಅವನ್ನು ಸೌದೆ ಒಲೆಯ ಹಿಂದೆ, ಗೋಡೆಯ ಸಂದಿನಲ್ಲಿ, ಎಂದಿನಂತೆ ಕರಗಲು ನಿಲ್ಲಿಸಿದ. ತಣ್ಣೀರು ಸಿಂಕಿಗೆ ಚೆಲ್ಲಿ, ಒಲೆಯ ಮೇಲಿನ ಕೆಟಲಿನ ನೀರನ್ನು ನಲ್ಲಿಯ ನೀರಿಗೆ ಬೆರೆಸಿ, ಮಗುವಿನ ಸ್ನಾನಕ್ಕೆ ನೋಡುವಂತೆ ಮೊಣಕೈ ಅದ್ದಿ ನೋಡಿ ತುಂಬಿದ. ಹಾಸಿಗೆಗೆ ಮರಳಿ ಪಟ್ಟಿ ಸುತ್ತಿಕೊಂಡು ಗುಂಡಿ ಒತ್ತಿದಾಗ ಬೆಚ್ಚನೆಯ ನೀರು ಮಂಡಿಯ ಸುತ್ತ ಹರಿಯಿತು. ಆಹಾ, ಎಷ್ಟು ಹಿತ. ಆಸ್ಪತ್ರೆಯಿಂದ ಬಂದ ಎರಡನೆಯ ದಿನದಿಂದ ಅವನು ಹೀಗೇ ಮಾಡುತ್ತಿದ್ದಾನೆ. ಬಾವು ಇಳಿದಿಲ್ಲ, ನಿಜ. ಇಳಿದಿಲ್ಲವೆಂದರೆ ಆ ಮೊದಲ ದಿನದ ಚಳಿಯೇ ಒಳಗೆ ಇನ್ನೂ ಅಷ್ಟು ಉಳಿದಿದೆ ಅಂತ ಅರ್ಥ. ಹೆಂಡತಿಗೆ ಮೋಸ ಮಾಡುತ್ತಿದ್ದೇನೆ ಎಂಬುದು ಆಗಾಗ ಚುಚ್ಚುತ್ತಿತ್ತು. ಬೆಳಿಗ್ಗೆ ಅವಳು ತೋಳು ಹಿಡಿದು ಕಕ್ಕಸಿನ ಎತ್ತರದ ಪೀಠದ ಮೇಲೆ ಕೂರಿಸಿ, ಮುಖ ಆಚೆ ತಿರುಗಿಸಿಕೊಂಡು ನಿಲ್ಲುವಾಗ ಹೆಚ್ಚು ಚುಚ್ಚುತ್ತಿತ್ತು. ಆ ಪೀಠವೂ ರಾದೋಶ್ ತಂದದ್ದೇ. ಮನುಷ್ಯ ಎಲ್ಲೆಲ್ಲಿ ಕೂರುತ್ತಾನೋ ಅಲ್ಲೆಲ್ಲ ಮೊದಲೇ ಬಂದು ಕಾದಿರುತ್ತಿದ್ದ ತಮ್ಮ.

ಸ್ತಮೇನಾ ಬರುವ ಹೊತ್ತಿಗೆ ರಾದೋಶನ ವ್ಯಾನೂ ಬಂತು. ಅವನ ಹಿಂದೆಯೇ ವ್ಯಾಯಾಮ ಮಾಡಿಸುವ ಜಾಸ್ನಾ. ಮೂವರೂ ಒಟ್ಟಿಗೆ ಒಳಬಂದದ್ದು ಒಬ್ರಾದನಿಗೆ ಹಿಡಿಸಲಿಲ್ಲ. ಗೇಟಿನಲ್ಲಿ ಸಿಕ್ಕರಂತೆ. ಹೂಂ, ಸಿಕ್ಕಿರಬಹುದು. ರಾದೋಶ್ ಐಸ್ ಪೆಟ್ಟಿಗೆಯನ್ನು ಕೆಳಗಿಟ್ಟು, ಅಣ್ಣನ ಕೆನ್ನೆಗೆ ಮೂರು ಸಲ ಮುತ್ತಿಟ್ಟ. ಅವನ ಮೀಸೆ ಹೊರಗಿನ ಮಂಜಿನಿಂದ ತಣ್ಣಗಿತ್ತು.

"ಹೋದ್ಸಲದ ಬಾಟ್ಲಿ ಎಲ್ಲಾ ಖಾಲಿನಾ? ಭೇಷ್," ಎಂದ. "ಸ್ಟೋರಲ್ಲಿ ಹುಡುಗರು ಕೇಳ್ತಾರೆ, ಏನಪ್ಪಾ ರಾದೋಶ್, ಮನೇಲಿ ಹಿಮಕರಡಿ ಸಾಕಿದೀಯಾ ಅಂತ. ಹೂಂ ಕಣ್ರೋ, ಒಂದು ಸಾಕಿದೀನಿ, ಬರೀ ಗುರ್ ಅನ್ನತ್ತೆ ಅಂದೆ."

ಜಾಸ್ನಾ ನಗುತ್ತ ಪಟ್ಟಿ ಬಿಚ್ಚಿದಳು. ಅಂಗೈಯನ್ನು ಮಂಡಿಯ ಮೇಲಿಟ್ಟಳು. ನಗು ನಿಂತಿತು. ಇನ್ನೊಂದು ಮಂಡಿಯ ಮೇಲಿಟ್ಟು ನೋಡಿ ಮತ್ತೆ ಇದರ ಮೇಲಿಟ್ಟಳು. ಸಂತೆಯಲ್ಲಿ ಕಲ್ಲಂಗಡಿ ನೋಡುವವರ ಹಾಗೆ ನೋಡುತ್ತಿದ್ದಾಳೆ ಅನಿಸಿ ಒಬ್ರಾದ್ ಗೋಡೆಯ ಕಡೆ ತಿರುಗಿದ. ಹಿಮ್ಮಡಿ ಹಿಡಿದು ಅವಳು ಕಾಲನ್ನು ಮೆಲ್ಲಗೆ ಹಿಂದಕ್ಕೆ ನೂಕಿದಳು. ಸ್ವಲ್ಪ ಬಂತು, ನಿಂತಿತು. ಇನ್ನೂ ನೂಕಿದಾಗ ಅವನ ಬಾಯಿಂದ ಹೊರಟ ಸದ್ದು ಅವನದೇ ಎಂದು ಅವನಿಗೆ ಗೊತ್ತಾಗಲಿಲ್ಲ. ತಮ್ಮನ ಎದುರು ಹಾಗೆ ಕೂಗಿದೆನಲ್ಲ ಎಂಬುದು ನೋವಿಗಿಂತ ಕೆಟ್ಟದಾಗಿತ್ತು.

"ಇಷ್ಟು ದಿನಕ್ಕೆ ಇದು ಕುರ್ಚೀಲಿ ಕೂತ ಹಂಗೆ ಮಡಚ್ಬೇಕಿತ್ತು," ಎಂದಳು ಜಾಸ್ನಾ. "ಅರ್ಧಾನೂ ಇಲ್ಲ. ಬಾವು ಮೊದಲ್ನೇ ದಿನದ್ದು ಹಂಗೇ ಇದೆ. ಕೀಲು ಸರಿಯಾಗಿದೆ, ಎಕ್ಸ್‌ರೇಲಿ ನೋಡಿದೀನಿ. ಬಾವು ಇಳೀದೆ ಒಳಗೆಲ್ಲ ಅಂಟ್ಕೊಳ್ತಾ ಇದೆ. ಹಿಂಗೇ ಆದ್ರೆ ಡಾಕ್ಟ್ರು ಮತ್ತೆ ಪ್ರಜ್ಞೆ ತಪ್ಪಿಸಿ ಬಲವಂತವಾಗಿ ಮಡಚ್ಬೇಕಾಗತ್ತೆ."

"ನಿಕೋಲನ ದಿನ ನಿಲ್ಬೇಕು ನಾನು," ಎಂದ ಒಬ್ರಾದ್.

"ಒಂದಿಷ್ಟು ಹೊತ್ತು ನಿಲ್ಲಿ. ಇಡೀ ದಿನ ನಿಂತ್ರೆ ನಾನು ಜವಾಬ್ದಾರಳಲ್ಲ. ಈ ಸಲ ಬೇರೆ ಯಾರಾದ್ರೂ ನಿಲ್ಲಲಿ."

ಬಂತು, ಎಂದುಕೊಂಡ ಒಬ್ರಾದ್. ಇಗೋ, ಬಂತು. ಇವಳ ಬಾಯಲ್ಲಿ ಹೇಳಿಸಿದರು. ಈಗ ತಮ್ಮ ಗಂಟಲು ಸರಿಮಾಡಿಕೊಳ್ಳುತ್ತಾನೆ, ಟೋಪಿ ತಿರುಗಿಸುತ್ತಾನೆ. ಅವನು ತಮ್ಮನ ಮುಖವನ್ನೇ ನೋಡಿದ. ರಾದೋಶ್ ಟೋಪಿ ತಿರುಗಿಸಲಿಲ್ಲ. ಅವನ ಕುತ್ತಿಗೆ ಕೆಂಪಾಗಿತ್ತು.

"ನಂದೇ ತಪ್ಪು," ಎಂದ. "ಅಗ್ಗಕ್ಕೆ ಸಿಕ್ತು ಅಂತ ಹಳೇ ಯಂತ್ರ ತಂದ್ಬಿಟ್ಟೆ. ತಣ್ಣಗೇ ಮಾಡ್ತಿಲ್ಲ ಅನ್ಸತ್ತೆ ಇದು. ಎಂಥಾ ಕತ್ತೆ ನಾನು! ಅಣ್ಣನ ಕಾಲಿನ ವಿಷ್ಯದಲ್ಲೂ ಜುಗ್ಗತನ." ಡಬ್ಬಿಯ ಮುಚ್ಚಳ ತೆಗೆದು ಬೆರಳದ್ದಿ, "ನೋಡಿ, ಉಗುರುಬೆಚ್ಚಗಿದೆ! ಬೆಳಿಗ್ಗೆ ತಾನೇ ತುಂಬಿದ್ದು ಅಂದ್ರಿ ಅತ್ತಿಗೆ?" ಎಂದವನು, ಆ ನೀರನ್ನು ಬಕೆಟ್ಟಿಗೆ ಸುರಿದು, ತಾನು ತಂದ ಹೊಸ ಬಾಟಲಿಗಳನ್ನು ಹಾಕಿ ತಣ್ಣೀರು ತುಂಬಿದ. ಆಮೇಲೆ, ಬೇಡ ಎನ್ನುವಷ್ಟರಲ್ಲಿ, ಪ್ಯಾಂಟು ಮೇಲೆತ್ತಿ ಹಾಸಿಗೆಯ ತುದಿಯಲ್ಲಿ ಕೂತು ಪಟ್ಟಿಯನ್ನು ತನ್ನ ಮಂಡಿಗೇ ಸುತ್ತಿಕೊಂಡ. ಬಿಳಿಚಿದ, ಸಣ್ಣ, ಹುಡುಗನಂಥ ಕಾಲು. ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದಾಗ ನೋಡಿದ ಆ ಕಾಲನ್ನು ಒಬ್ರಾದ್ ಆಮೇಲೆ ನೋಡಿಯೇ ಇರಲಿಲ್ಲ. ಯಂತ್ರ ಗುರ್ ಎಂದಿತು. ಎಲ್ಲರೂ ಆ ಕಾಲನ್ನೇ ನೋಡುತ್ತ ನಿಂತರು. ಒಬ್ರಾದ್ ಮಾತ್ರ ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದ. ಒರೆಸಲು ಬಟ್ಟೆ ತರುತ್ತೇನೆಂದು ಸ್ತಮೇನಾ ಅತ್ತ ಹೋಗಿದ್ದಳು.

"ಅಬ್ಬಬ್ಬಾ!" ಎಂದ ರಾದೋಶ್. "ತಣ್ಣಗಿದೆ. ಕೊರೀತಾ ಇದೆಯಲ್ರೀ. ಸರಿಯಾಗೇ ಇದೆ ಇದು. ಮತ್ತೆ ಯಾಕೆ..."

ಸ್ತಮೇನಾ ಬಾಗಿಲಲ್ಲಿ ನಿಂತಿದ್ದಳು. ಒಲೆಯ ಹಿಂದಿನ ಬಾಟಲಿಗಳನ್ನು ಎದೆಗವಚಿಕೊಂಡಿದ್ದಳು. ಅರ್ಧ ಕರಗಿ ಒಳಗೆ ಗಡ್ಡೆಗಳು ಲೊಡಲೊಡ ಸದ್ದು ಮಾಡುತ್ತಿದ್ದವು. ಅವಳ ಅಂಗಿಯ ಮುಂಭಾಗ ಒದ್ದೆಯಾಗಿತ್ತು. "ಇವು ಯಾಕೆ ಅಲ್ಲಿದ್ವು, ಒಬ್ರಾದ್?" ಎಂದಳು.

ಏನಾದರೂ ಹೇಳಬಹುದಿತ್ತು. ಶೀತ ತಡೆಯಲಾಗಲಿಲ್ಲ ಎಂದಿದ್ದರೆ ಸಾಕಿತ್ತು, ಜಾಸ್ನಾ ಗದರುತ್ತಿದ್ದಳು, ಸ್ತಮೇನಾ ಬಯ್ಯುತ್ತಿದ್ದಳು, ಮುಗಿಯುತ್ತಿತ್ತು. ಆದರೆ ಇಷ್ಟು ದಿನ ಒಬ್ಬನೇ ಮಲಗಿ ಕಟ್ಟಿದ್ದ ವಾದ ಅವನೊಳಗೆ ತುಂಬಿ ನಿಂತಿತ್ತು. ಅದು ಸುಳ್ಳಾಗಿಬಿಡುತ್ತದೆ ಎಂಬ ಭಯದಲ್ಲೇ ಅವನು ಬಾಯಿಬಿಟ್ಟ.

"ನಿಮ್ಮಾಟ ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ? ನನ್ನ ಕಾಲು ಮರಗಟ್ಲಿ ಅಂತ ತಾನೇ ಮೂಟೆಗಟ್ಲೆ ಐಸ್ ಹೊತ್ಕೊಂಡು ಬರ್ತಿರೋದು? ನಾನು ಬಿದ್ಕೊಂಡ್ರೆ ಬತ್ತಿ ನಿನ್ ಮನೇಗೆ. ಅಪ್ಪ ನಂಗೆ ಕೊಟ್ಟಾಗಿಂದ ಹೊಟ್ಟೇಲಿಟ್ಕೊಂಡಿದೀಯ ನೀನು."

ಜಾಸ್ನಾ ತನ್ನ ಚೀಲವನ್ನು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಹೊರಗಿರುತ್ತೇನೆ ಎಂದು ಹೋದಳು. ಯಂತ್ರ ರಾದೋಶನ ಕಾಲನ್ನು ಇನ್ನೊಮ್ಮೆ ಹಿಂಡಿ ಬಿಟ್ಟಿತು. ಅವನು ಬಗ್ಗಿ ಗುಂಡಿ ಒತ್ತಿ ನಿಲ್ಲಿಸಿದ.

"ನಮ್ಮನೇಲಿ ಮಾಡೋಣ ಅಂದಿದ್ದು ಯಾಕೆ ಗೊತ್ತಾ?" ಎಂದ, ಪಟ್ಟಿ ಬಿಚ್ಚುತ್ತ. "ಅತ್ತಿಗೆ ಕಾರಿಡಾರಲ್ಲಿ ಅಳ್ತಾ ಇದ್ರು. ಈ ಮನುಷ್ಯ ಹೊಲಿಗೆ ಬಿಚ್ಚೋಕೆ ಮುಂಚೆ ಎದ್ದು ನಿಂತ್ಬಿಡ್ತಾನೆ ಅಂತ. ಅದಕ್ಕೆ ಅಂದೆ. ನಂಗೆ ಬತ್ತಿ ತಗೊಂಡೇನಾಗ್ಬೇಕಣ್ಣ? ಇಡೀ ವರ್ಷ ನಿಂತೇ ಕೆಲಸ ನಂದು. ವರ್ಷಕ್ಕೊಂದು ದಿನ ಯಾರಾದ್ರೂ ನಿಂತು ಬಡಿಸಿ ನಾನು ಕೂತು ಉಣ್ಣೋದು ಅಂದ್ರೆ ನಿನ್ನ ಮನೇಲಿ. ಅದೊಂದು ದಿನ ಅಪ್ಪ ಇದ್ದಂಗೆ ಅನ್ಸತ್ತೆ."

ಅವನ ದನಿ ಏರಿರಲಿಲ್ಲ. ಒದ್ದೆ ಕಾಲನ್ನು ತನ್ನ ಕರವಸ್ತ್ರದಿಂದ ಒರೆಸಿಕೊಂಡ, ಪ್ಯಾಂಟು ಇಳಿಸಿದ, ಖಾಲಿ ಪೆಟ್ಟಿಗೆ ಎತ್ತಿಕೊಂಡ. ಸ್ತಮೇನಾ ಹಿಂದೆಯೇ ಓಡಿದಳು. ವ್ಯಾನು ಹೋದ ಸದ್ದಾಯಿತು. ಎಷ್ಟು ಚೆನ್ನಾಗಿ ಮಾತಾಡಿದ, ಎಂದುಕೊಂಡ ಒಬ್ರಾದ್, ಮೊದಲೇ ಯೋಚಿಸಿಟ್ಟುಕೊಂಡಿದ್ದನೇ? ಹಾಗೆ ಅಂದುಕೊಂಡ ಕೂಡಲೇ ತನ್ನ ಮೇಲೇ ಹೇಸಿಗೆಯಾಯಿತು. ಥೂ, ಎಂಥಾ ಮನಸ್ಸಪ್ಪ ಇದು, ಎಂದು ಗಟ್ಟಿಯಾಗಿಯೇ ಅಂದ. ಯಾರೂ ಇರಲಿಲ್ಲ. ಅಂದಿನಿಂದ ಸ್ತಮೇನಾ ಐಸ್ ತುಂಬಿ, ಎದುರಿಗೆ ಕುರ್ಚಿ ಹಾಕಿಕೊಂಡು ಅಷ್ಟು ಹೊತ್ತೂ ಕಾವಲು ಕೂತಳು. ಮಾತಾಡಲಿಲ್ಲ. ಚಳಿ ಮೊದಲು ಕಚ್ಚಿತು, ಆಮೇಲೆ ನೋವು ಎಲ್ಲಿಗೋ ಹೊರಟುಹೋಯಿತು, ಎಷ್ಟೋ ದಿನದ ಮೇಲೆ ಅವನಿಗೆ ಹಗಲಲ್ಲೇ ನಿದ್ದೆ ಬಂತು. ಇದು ಇಷ್ಟು ಸುಲಭವಿತ್ತು ಎಂಬುದನ್ನು ಅವನು ಅವಳಿಗೆ ಹೇಳಲಿಲ್ಲ. ಜಾಸ್ನಾ ಬಂದಾಗ ಬಾವು ಸ್ವಲ್ಪ ಇಳಿದಿದೆ ಎಂದಳು, ತಡವಾಗಿದೆ ಅಂತಲೂ ಸೇರಿಸಿದಳು.

ಹಬ್ಬಕ್ಕೆ ಮುಂಚೆ ಒಂದು ಮಧ್ಯಾಹ್ನ ತಮ್ಮನಿಗೆ ಫೋನು ಮಾಡಿದ. ಆದರೆ ಏನು ಹೇಳುವುದು? ಸ್ಲಾವಕ್ಕೆ ಯಾರನ್ನೂ ಕರೆಯುವಂತಿಲ್ಲ. ಅದೊಂದು ಮಾತು ಇಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ. ಬಾಗಿಲು ತೆರೆದಿರುತ್ತದೆ, ಬರುವವರು ತಾವಾಗಿ ಬರುತ್ತಾರೆ. ಬಾ ಎಂದರೆ ನೀನು ಹೊರಗಿನವನು, ಕರೆಯದಿದ್ದರೆ ಬರುವವನಲ್ಲ ಎಂದ ಹಾಗೆ. ಹುಟ್ಟಿದಾಗಿನಿಂದ ಈ ಮನೆಯ ಮೇಜಿಗೆ ಬಂದ ತಮ್ಮನನ್ನು ಕರೆಯುವುದು ಹೇಗೆ? ಆ ಕಡೆ ರಾದೋಶ್ ಫೋನು ಎತ್ತಿದ.

"ಯಂತ್ರ ಯಾವಾಗ ವಾಪಸ್ ಕೊಡ್ಬೇಕು?" ಎಂದು ಕೇಳಿದ ಒಬ್ರಾದ್.

"ಬೇಕಾದಷ್ಟು ದಿನ ಇಟ್ಕೋ."

"ಐಸು ಇಲ್ಲೇ ಫ್ರಿಜ್ಜಲ್ಲಿ ಮಾಡ್ತಿದಾಳೆ ನಿಮ್ಮತ್ತಿಗೆ."

"ಒಳ್ಳೇದಾಯ್ತು."

ಆ ಕಡೆ ಹಿಂದೆ ಟೀವಿ ಮಾತಾಡುತ್ತಿತ್ತು. ತಪ್ಪಾಯ್ತು ಕಣೋ ಎಂಬ ಮಾತು ಒಬ್ರಾದನ ಹಲ್ಲಿನ ತನಕ ಬಂದಿತ್ತು. ಅಣ್ಣನಾದವನು, ನಿಲ್ಲುವವನು, ಫೋನಿನಲ್ಲಿ ಹೇಗೆ ಹೇಳುವುದು? ಎದುರು ಬಂದಾಗ ಹೇಳಿದರಾಯಿತು, ಬಾಗಿಲಲ್ಲೇ, ಮುತ್ತಿಡುವಾಗ, ಕಿವಿಯಲ್ಲಿ. "ಸರಿ, ಇಡ್ತೀನಿ," ಎಂದ.

ಸಂತ ನಿಕೋಲನ ದಿನ ಅವನು ನಿಂತ. ಊರುಗೋಲನ್ನು ಬಾಗಿಲ ಹಿಂದೆ ಇಟ್ಟು, ಬಿಳಿ ಅಂಗಿ ತೊಟ್ಟು, ಕಾಲನ್ನು ಸೆಟೆದು ನಿಲ್ಲಿಸಿ ನಿಂತ. ಸ್ತಮೇನಾ ಬೇಡವೆನ್ನಲಿಲ್ಲ, ಬಡಿಸುವ ಚಮಚವನ್ನು ಅವನ ಕೈಗೆ ಕೊಟ್ಟಳು. ಪಾದ್ರಿ ಬಂದ. ಬತ್ತಿ ಹಚ್ಚಿದ್ದಾಯಿತು. ರೊಟ್ಟಿಯನ್ನು ಎಲ್ಲರೂ ಬೆರಳಾನಿಸಿ ತಿರುಗಿಸುವಾಗ ಒಬ್ರಾದನ ಪಕ್ಕದಲ್ಲಿ ಪ್ರತಿ ವರ್ಷ ಕೈ ಚಾಚುತ್ತಿದ್ದವನ ಜಾಗಕ್ಕೆ ನೆರೆಮನೆಯ ಮಿಲೋಯೆ ಕೈ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಸಿಹಿಗೋಧಿ, ಎಣ್ಣೆಯಲ್ಲಿ ಬೇಯಿಸಿದ ಬೀನ್ಸ್ ಕಾಳು, ಮೀನು, ಪ್ಲಮ್ಮಿನ ಸಾರಾಯಿ ರಾಕಿಯಾ. ಒಬ್ಬೊಬ್ಬರೂ ಅವನ ಬೆನ್ನು ತಟ್ಟಿದರು.

"ಏನಯ್ಯಾ, ಹೊಸ ಮಂಡಿ ಹಾಕಿಸ್ಕೊಂಡು ಸೈನಿಕನ ಹಂಗೆ ನಿಂತಿದೀಯ!" ಎಂದ ಮಿಲೋಯೆ. "ಎಲ್ಲಪ್ಪ ನಿನ್ ತಮ್ಮ? ಅವನಿಲ್ದೆ ನಗೋಕೇ ಮಜಾ ಇಲ್ಲ."

"ಡ್ಯೂಟಿ ಇರ್ಬೇಕು," ಎಂದ ಒಬ್ರಾದ್, ಅವನ ಲೋಟ ತುಂಬುತ್ತ. "ಸಂಜೆ ಬರ್ತಾನೆ."

ಹೇಳಿದ ಮೇಲೆ ತಾನೇ ಅದನ್ನು ನಂಬಿದ. ಸಂಜೆ ಬರುತ್ತಾನೆ. ಗೇಟು ಕಿರುಗುಟ್ಟಿದಾಗಲೆಲ್ಲ ಬಾಗಿಲಿಗೆ ಹೋದ. ಪ್ರತಿ ಸಲವೂ ಹೋಗಿಬರಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಮಂಡಿ ಬಿಸಿಯಾಗಿ, ಪ್ಯಾಂಟಿನೊಳಗೆ ಬಿಗಿಯಾಗಿ, ಬೇರೆ ಯಾರದೋ ಕಾಲಿನಂತೆ ಭಾರವಾಗುತ್ತ ಹೋಯಿತು. ಒಮ್ಮೆ ಕಿಟಕಿಯಲ್ಲಿ ನಿಂತು, ಹೊಳೆಯಾಚೆಯ ಕಟ್ಟಡಗಳಲ್ಲಿ ತಮ್ಮನ ಮನೆಯ ದೀಪ ಯಾವುದಿರಬಹುದೆಂದು ನೋಡಿದ. ಅಲ್ಲಿ ಅವನು ತನ್ನದೇ ಬತ್ತಿ ಹಚ್ಚಿಕೊಂಡಿರಬಹುದೇ? ಹಚ್ಚಿದ್ದರೆ ನೋವಾಗಬೇಕಿತ್ತು. ಹಚ್ಚಿರಲಿ ದೇವರೇ, ಎಂದುಕೊಂಡ; ಸುಮ್ಮನೆ ಕತ್ತಲಲ್ಲಿ ಕೂತಿರದೆ ಇದ್ದರೆ ಸಾಕು. ಒಬ್ಬೊಬ್ಬರೇ ಎದ್ದರು, ಬಾಗಿಲಲ್ಲಿ ಮುತ್ತಿಟ್ಟು ಹೊರಟರು. ಮಿಲೋಯೆ ಕೊನೆಯವನಾಗಿ ಹಾಡಿಕೊಂಡು ಹೋದ.

ಸ್ತಮೇನಾ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಗೋಡೆಯ ಪಕ್ಕದ ಒಂದು ತಟ್ಟೆ ಮಾತ್ರ ತೊಳೆದಿಟ್ಟ ಹಾಗೇ ಇತ್ತು. ಅದನ್ನೂ ಎತ್ತಿ ಮಿಕ್ಕವುಗಳ ಜೊತೆ ಸೇರಿಸಿದಳು. ಎಷ್ಟೋ ದಿನದ ಮೇಲೆ ಅವನ ಮುಖ ನೋಡಿ ಮಾತಾಡಿದಳು.

"ಕೂತ್ಕೋ ಇನ್ನು. ಬರೋರೆಲ್ಲ ಬಂದು ಹೋದ್ರು."

"ಇನ್ನೂ ಸ್ವಲ್ಪ ನೋಡೋಣ."

"ಬರಲ್ಲ, ಒಬ್ರಾದ್." ಅವಳು ಕುರ್ಚಿಯನ್ನು ಅವನ ಹಿಂದಕ್ಕೆ ಎಳೆದು ತಂದಿಟ್ಟಳು. "ಕೂತ್ಕೋ."

ಅವನಿಗೂ ಕೂರಬೇಕೆನಿಸಿತು. ಜೀವ ಹೋಗುವಷ್ಟು ದಣಿದಿದ್ದ. ಮೇಜಿನ ಅಂಚು ಹಿಡಿದು, ಎಡಗಾಲಿನ ಮೇಲೆ ಭಾರ ಬಿಟ್ಟು, ಮೆಲ್ಲಗೆ ಕೆಳಗಿಳಿಯಲು ನೋಡಿದ. ಬಲಮಂಡಿ ಅಲ್ಲಾಡಲಿಲ್ಲ. ಇನ್ನೊಮ್ಮೆ ನೋಡಿದ. ಸ್ತಮೇನಾ ಎರಡೂ ತೋಳಿನಿಂದ ಅವನ ಸೊಂಟ ಬಳಸಿ ಹಿಡಿದಳು, ಅವಳ ಉಸಿರು ಅವನ ಕುತ್ತಿಗೆಗೆ ತಾಗುತ್ತಿತ್ತು. ಕುರ್ಚಿ ಅವನ ತೊಡೆಯ ಹಿಂದೆಯೇ ಇತ್ತು.

"ಆಗ್ತಾ ಇಲ್ಲ ಕಣೇ," ಎಂದ ಅವನು. "ಕೂರೋಕೆ ಆಗ್ತಾ ಇಲ್ಲ."